ಕಟ್ಟುಬಡಿಯಲ್ಲಿ ಬಡಿದಾಟವಿಲ್ಲ

ಪಾಳೆಯಗಾರರ ಕಾಲದ ಕಟ್ಟುಬಡಿ ಆಳುಗಳನ್ನು ‘ನಾಗರಿಕ ಸೈನಿಕರು’ ಎಂದು ಬರೆಯುವುದನ್ನು ನಾನು ಒಪ್ಪಲಾರೆ. ಇಂಗ್ಲಿಷಿನ ‘ಮಿಲಿಷಿಯಾ’ಕ್ಕೆ ಒಂದು ಕನ್ನಡ ಮಾತು ಬೇಕು, ಸರಿ. ಆದರೆ ಆ ಮಾತು ನಮ್ಮ ಆಳುಗಳಿಗೆ ಒಪ್ಪುತ್ತದೆಯೇ?

ಕಟ್ಟುಬಡಿಯವನು ಮಳೆ ಬಿದ್ದರೆ ನೇಗಿಲು ಹಿಡಿಯುತ್ತಿದ್ದ, ಕರೆ ಬಂದರೆ ಈಟಿ, ಕೋವಿ ಹಿಡಿದು ಹೊರಡುತ್ತಿದ್ದ. ಇದಕ್ಕೆ ಅವನಿಗೆ ಸಿಗುತ್ತಿದ್ದುದು ಹೊಲ. ಕೆಲವರಿಗೆ ಕಂದಾಯವೇ ಇಲ್ಲದ್ದು, ಕೆಲವರಿಗೆ ಅಲ್ಪ ಕಂದಾಯದ್ದು. ಯಾರ ಮೇಲೆ ಯುದ್ಧ ಅಂತ ಅವನನ್ನು ಯಾರೂ ಕೇಳುತ್ತಿರಲಿಲ್ಲ. ಅವನನ್ನು ‘ನಾಗರಿಕ’ ಅಂದರೆ ಇಲ್ಲದ ಹಕ್ಕನ್ನು ಅವನ ಕೈಗೆ ಕೊಟ್ಟು, ಇದ್ದ ಹೊಲವನ್ನು ಮರೆತಂತಾಗುತ್ತದೆ.

ಪದದ ಹುಟ್ಟು ನೋಡಿ. ಕನ್ನಡದ ಕಿವಿಗೆ ‘ಬಡಿ’ ಎಂದೊಡನೆ ಏಟು ಕೇಳಿಸುತ್ತದೆ. ‘ಕಟ್ಟಿ ಬಡಿಯುವವನು’ ಅಂತ ಅರ್ಥ ಹೇಳಿಬಿಡುವುದು ಸುಲಭ. ಅದು ತಪ್ಪು. ರಾಯದುರ್ಗ, ಮಡಕಶಿರಾ ಸೀಮೆಯವರಾದ ನಾವು ದಿನಾ ತೆಲುಗಿನಲ್ಲಿ ಪೆಟ್ಟುಬಡಿ, ದಿಗುಬಡಿ, ರಾಬಡಿ ಅನ್ನುತ್ತೇವಲ್ಲ, ಕಟ್ಟುಬಡಿಯೂ ಅದೇ ಸಾಲಿನದು. ಬಂಡವಾಳದಲ್ಲಿ, ಇಳುವರಿಯಲ್ಲಿ, ವರಮಾನದಲ್ಲಿ ಯಾರು ಯಾರನ್ನು ಬಡಿಯುತ್ತಾರೆ? ಇಲ್ಲಿರುವುದು ‘ಪಡು’ ಎಂಬ ಧಾತು. ಕಣ್ಣಿನ ಪನಿ ಕಂಬನಿ ಆದಂತೆ ಇಲ್ಲೂ ಪಕಾರ ಬಕಾರವಾಗಿದೆ. ಕಟ್ಟುಬಡಿ ಎಂದರೆ ಕಟ್ಟಿಗೆ ಒಳಪಟ್ಟದ್ದು. ನಮ್ಮ ಕನ್ನಡದ ‘ಕಟ್ಟುಪಾಡು’ ಇದರ ಒಡಹುಟ್ಟು. ಇನಾಂ ಜಮೀನಿನ ಮೇಲೆ ಸರ್ಕಾರಕ್ಕೆ ಕೊಡುವ ಗೊತ್ತಾದ ಹಣಕ್ಕೂ ತೆಲುಗಿನಲ್ಲಿ ಕಟ್ಟುಬಡಿ ಎನ್ನುತ್ತಿದ್ದುದು ಇದಕ್ಕೇ.

ಮಿಲಿಷಿಯಾ ಬಂದದ್ದು ಲ್ಯಾಟಿನಿನ ‘ಸೈನಿಕ’ ಎಂಬ ಪದದಿಂದ. ಅದು ಮನುಷ್ಯ ಮಾಡುವ ಕೆಲಸವನ್ನು ಹೇಳುತ್ತದೆ. ನಮ್ಮದು ಅವನಿಗೂ ಒಡೆಯನಿಗೂ ಇದ್ದ ಕರಾರನ್ನು ಹೇಳುತ್ತದೆ. ಪಾಳೆಯಗಾರನೂ ಆ ಕಟ್ಟಿನೊಳಗೇ ಇದ್ದ: ಹೊಲ ಕಿತ್ತುಕೊಂಡರೆ ಆಳು ಇಲ್ಲ.

1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಕಲೆಕ್ಟರಾಗಿ ಬಂದಾಗ ಇಡೀ ದತ್ತಮಂಡಲದಲ್ಲಿ ಸುಮಾರು 80 ಪಾಳೆಯಗಾರರು, ಅವರ ಹಿಂದೆ ಸುಮಾರು 30,000 ಆಳುಗಳು. 1807ರಲ್ಲಿ ಅವನು ಹೊರಡುವ ಹೊತ್ತಿಗೆ ಪಾಳೆಯಗಾರರ ಬಲ ಮುರಿದಿತ್ತು. ಸೇವೆಯೇ ಬೇಡವಾದ ಮೇಲೆ ಸೇವೆಗೆಂದು ಕೊಟ್ಟ ಹೊಲದ ಗತಿ ಏನು? ‘ನಾಗರಿಕ ಸೈನಿಕ’ ಎಂದು ಓದಿದ ಹುಡುಗನಿಗೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಕಟ್ಟುಬಡಿ ಎಂದು ಓದಿದವನಿಗೆ ಹುಟ್ಟುತ್ತದೆ.

ಇಂಗ್ಲಿಷರು ಈ ಆಳುಗಳನ್ನು ‘ಪ್ಯೂನ್’ ಎಂದರು. ಪೋರ್ಚುಗೀಸರಲ್ಲಿ ಕಾಲಾಳಿಗೆ ಇದ್ದ ಹೆಸರು ಅದು. ಈಗ ಶಾಲೆಯ ಗಂಟೆ ಬಾರಿಸುತ್ತಿದೆ. ಪಕ್ಕದ ಮೈಸೂರಿನಲ್ಲಿ ಇಂಥ ಆಳುಗಳ ಪಡೆಗೆ ‘ಕಂದಾಚಾರ’ ಎಂದಿತ್ತು, ಪೂರ್ಣಯ್ಯನವರ ದಿವಾನಗಿರಿಯಲ್ಲೂ. ಇವತ್ತು ಆ ಮಾತಿಗೆ ಮೂಢ ಆಚಾರ ಎಂದೇ ಅರ್ಥ. ಮೇಷ್ಟ್ರುಗಳು ಮೈಸೂರಿನ ಹಳೆಯ ಕಾಗದ ಓದಿಸುವಾಗ ಕಂದಾಚಾರದವರು ಎಂದು ಬಂದರೆ, ಅವರು ಮಡಿಹೆಂಗಸರಲ್ಲ, ಕೋವಿ ಹಿಡಿದವರು ಎಂದು ಮೊದಲೇ ಹೇಳಿಬಿಡಬೇಕು.