ಅಂಬಿಲ ಅಂದ್ರೆ ಒಡಿಯಾ ಸಾಂಬಾರ್ ಅಲ್ಲ ಕಣ್ರೀ

ಸಿನಿಮಾ, ಕಾದಂಬರಿ, ಹೊಸ ಫೋನು, ಪಕ್ಕದ ಬೀದಿಯ ದೋಸೆ, ಯಾವುದನ್ನೂ ವಿಮರ್ಶೆ ಮಾಡದೆ ಬಿಡುವವರಲ್ಲ ನಾವು. ರೆಸಿಪಿಗೆ ಮಾತ್ರ ಪೂರ್ತಿ ವಿನಾಯಿತಿ. ಓದ್ತೀವಿ, ಫೋಟೋ ನೋಡ್ತೀವಿ, "ಸೂಪರ್, ಭಾನುವಾರ ಮಾಡ್ಬೇಕು" ಅಂದು ಸೇವ್ ಮಾಡಿ ಮರೆತುಬಿಡ್ತೀವಿ. ಈಚೆಗೆ ಒಡಿಶಾದ ಅಂಬಿಲದ ರೆಸಿಪಿಗಳನ್ನು ಸಿಕ್ಕಷ್ಟು ಓದಿ, ನೋಡಿ, ಅದರಲ್ಲಿ ಮೂರನ್ನು ಮಾಡಿ ತಿಂದೂ ಆಯ್ತು. ಮೂರರ ಮೇಲೂ ನನ್ನದೊಂದಿಷ್ಟು ತಕರಾರಿದೆ.

ಅಂಬಿಲ ಅಂದ ಕೂಡಲೇ ನಮ್ಮ ಕಿವಿಗೆ ಅಂಬಲಿ ಅಂತಲೇ ಕೇಳಿಸುತ್ತೆ. ಆದರೆ ಇದು ಗಂಜಿ ಅಲ್ಲ. ಸಿಹಿಗುಂಬಳ, ಬದನೆ, ಮೂಲಂಗಿ, ಕೆಸುವಿನ ಗೆಡ್ಡೆ, ಬೆಂಡೆಕಾಯಿ, ಹೀಗೆ ಮನೆಯಲ್ಲಿದ್ದ ತರಕಾರಿ ಬೇಯಿಸಿ, ಹುಳಿ ಬಿಟ್ಟು, ಬೆಲ್ಲ ಹಾಕಿ, ಅಕ್ಕಿಹಿಟ್ಟು ಕದಡಿ ಮಂದ ಮಾಡಿ, ಪಂಚ ಫುಟಣದ ಒಗ್ಗರಣೆ ಕೊಡುವ ತೆಳ್ಳನೆಯ ಸಾರು-ಪಲ್ಯ. ಪಂಚ ಫುಟಣ ಅಂದರೆ ಸಾಸಿವೆ, ಜೀರಿಗೆ, ಮೆಂತ್ಯ, ಸೋಂಪು, ಕಲೋಂಜಿ. ಬೇಳೆ ಇಲ್ಲ, ಹುರಿದು ರುಬ್ಬಿದ ಮಸಾಲೆಯೂ ಇಲ್ಲ. ಸಿಹಿ-ಹುಳಿ ಅಂದ ತಕ್ಷಣ ನಮಗೆ ಗೊಜ್ಜು, ಕರಾವಳಿಯವರಿಗೆ ಮೆಣಸ್ಕಾಯಿ ನೆನಪಾಗಬಹುದು. ಅವುಗಳ ಗತ್ತು ಮಸಾಲೆಯಲ್ಲಿದೆ, ಅಂಬಿಲದ ಗತ್ತು ಹುಳಿಯಲ್ಲಿ.

ಆ ಹುಳಿ ಎಲ್ಲಿಂದ ಬರುತ್ತೆ ಅನ್ನೋದೇ ಇಲ್ಲಿನ ಮುಖ್ಯ ವಿಷಯ. ಅನೇಕ ಮನೆಗಳಲ್ಲಿ ಅದು ಅಂಬುಲ. ಮಾವಿನಕಾಯಿಯನ್ನು ಉದ್ದಕ್ಕೆ ಸೀಳಿ, ಉಪ್ಪು ಸವರಿ, ದಿನಗಟ್ಟಲೆ ಬಿಸಿಲಲ್ಲಿಟ್ಟು ಒಣಗಿಸಿದ್ದು. ನೋಡಲು ಕಪ್ಪಗೆ, ಚರ್ಮದ ಚೂರಿನ ಹಾಗೆ, ಅಷ್ಟೇನೂ ಚೆಂದವಿಲ್ಲ. ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿದರೆ ಮೆತ್ತಗಾಗಿ ಹುಳಿ, ಉಪ್ಪು, ಬಿಸಿಲು ಮೂರೂ ಸೇರಿದ ಒಂದು ವಾಸನೆ ಬಿಡುತ್ತೆ. ಪಶ್ಚಿಮ ಒಡಿಶಾದ ಸಂಬಲ್‌ಪುರದ ಕಡೆ ಹುಳಿ ಮೊಸರು ಹಾಕುವುದೂ ಉಂಟು, ಜೊತೆಗೆ ಕರಡಿ. ಹೆದರಬೇಡಿ, ಅದು ಎಳೆಬಿದಿರು, ನಮ್ಮ ಮಲೆನಾಡಿನ ಕಳಲೆ. ಮೊಸರು ಒಡೆಯದ ಹಾಗೆ ಅಕ್ಕಿಹಿಟ್ಟು ಕಾಯುತ್ತೆ. ಮಜ್ಜಿಗೆಹುಳಿಗೆ ಅಕ್ಕಿಯನ್ನೋ ಕಡಲೆಬೇಳೆಯನ್ನೋ ರುಬ್ಬಿ ಹಾಕುವವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ಈಗ ನಾನು ಮಾಡಿ ನೋಡಿದ ಮೂರರ ಕಥೆ.

ಮೊದಲನೆಯದು ಮುಕ್ಕಾಲು ನಿಮಿಷದ ವಿಡಿಯೋ. ಹೆಸರು "ಒಡಿಯಾ ಸಾಂಬಾರ್". ಮೂರು ಟೊಮ್ಯಾಟೊ, ಸಕ್ಕರೆ, ಕಾರ್ನ್‌ಫ್ಲೋರ್, ಮೇಲೆ ಕೊತ್ತಂಬರಿ. ಅಂಬುಲದ ಹೆಸರೇ ಇಲ್ಲ. ತಿಂದರೆ ಚೈನೀಸ್ ಗಾಡಿಯ ಸೂಪಿಗೆ ಬದನೆಕಾಯಿ ಬಿದ್ದ ಹಾಗಿತ್ತು. ಕೆಟ್ಟದಾಗಿತ್ತು ಅಂತ ಹೇಳಲಾರೆ, ಹಸಿದಿದ್ದೆ. ಆದರೆ ಅದು ಅಂಬಿಲವಲ್ಲ.

ಇಲ್ಲೊಂದು ಮಾತು. ಟೊಮ್ಯಾಟೊ ಹಾಕಿದ್ದಕ್ಕೆ ನನ್ನ ಸಿಟ್ಟಲ್ಲ. ಪುರಿ ಜಗನ್ನಾಥನ ಅಡುಗೆಮನೆಗೆ ಟೊಮ್ಯಾಟೊ, ಆಲೂಗಡ್ಡೆ, ಹೂಕೋಸು, ಮೆಣಸಿನಕಾಯಿ ಇವತ್ತಿಗೂ ಹೋಗುವುದಿಲ್ಲ. ಖಾರಕ್ಕೆ ಕಾಳುಮೆಣಸು. ಇದನ್ನೇ ಹಿಡಿದು "ಟೊಮ್ಯಾಟೊ ಹಾಕಿದರೆ ಅದು ಒಡಿಯಾ ಅಡುಗೆಯೇ ಅಲ್ಲ" ಅಂತ ಜಗಳ ಕಾಯುವವರಿದ್ದಾರೆ. ದೇವಸ್ಥಾನದ ನಿಯಮ ದೇವಸ್ಥಾನಕ್ಕೆ. ಸಂಬಲ್‌ಪುರದ ಮನೆಗಳ ಅಂಬಿಲಕ್ಕೆ ಟೊಮ್ಯಾಟೊ ಆರಾಮಾಗಿ ಬೀಳುತ್ತೆ. ಅಲ್ಲಿ ಅದು ಇನ್ನೊಂದು ತರಕಾರಿ ಅಷ್ಟೇ, ಹುಳಿಯ ಯಜಮಾನ ಅಲ್ಲ. ವಿಡಿಯೋದವರು ಮಾಡಿದ್ದು ಯಜಮಾನನನ್ನೇ ಬದಲಾಯಿಸುವ ಕೆಲಸ, ಅದನ್ನು ಹೇಳದೇ.

ಎರಡನೆಯದು ಇಂಗ್ಲಿಷಿನ ದಪ್ಪ, ನುಣುಪು ಕಾಗದದ ಪುಸ್ತಕ. ಇದರ ತಪ್ಪು ಇನ್ನೂ ನಾಜೂಕಿನದು. ಅಂಬುಲ ಇದೆ, ಪಕ್ಕದಲ್ಲೇ "ಅಥವಾ ಒಂದು ಚಮಚ ಆಮ್‌ಚೂರ್" ಅಂತಲೂ ಇದೆ. ಈ "ಅಥವಾ" ಅನ್ನೋ ಪದದ ಮೇಲೆ ನನಗೆ ಭಾರೀ ಅನುಮಾನ. ಆಮ್‌ಚೂರ್‌ಗೆ ಸಾಮಾನ್ಯವಾಗಿ ಉಪ್ಪು ಹಾಕಿರುವುದಿಲ್ಲ, ಅಂಬುಲದ ಅರ್ಧ ಮೈಯೇ ಉಪ್ಪು. ಒಂದರ ಬದಲು ಇನ್ನೊಂದು ಹಾಕಿ ಉಪ್ಪಿನ ಅಳತೆ ಹಾಗೇ ಇಟ್ಟರೆ ಒಂದೋ ಸಪ್ಪೆ, ಇಲ್ಲ ಬಾಯಿಗಿಡಲಾಗದ ಉಪ್ಪು. ಬೆಂಗಳೂರಲ್ಲಿ ಅಂಬುಲ ಸಿಗದಿದ್ದರೆ ಮನೆಯಿಂದ ಬಂದ ಉಪ್ಪುನೀರಿನ ಮಾವಿನಕಾಯಿ ಹಾಕಿ ಅಂತ ನಾನಾದರೆ ಹೇಳ್ತೀನಿ. ಅದರಲ್ಲಿ ಉಪ್ಪೂ ಇದೆ, ಹಳೆತನವೂ ಇದೆ, ಇಲ್ಲದಿರುವುದು ಬಿಸಿಲಿನ ವಾಸನೆ ಮಾತ್ರ.

ಅದೇ ಪುಸ್ತಕ ತರಕಾರಿ, ಹುಳಿ, ಬೆಲ್ಲ ಎಲ್ಲವನ್ನೂ ಒಟ್ಟಿಗೆ ಹಾಕಿ "ಬೇಯುವವರೆಗೆ ಕುದಿಸಿ" ಅನ್ನುತ್ತೆ. ಬೇಯಲ್ಲ ಸ್ವಾಮಿ! ಹುಳಿ ಮೊದಲೇ ಬಿದ್ದರೆ ತರಕಾರಿ ಮೆತ್ತಗಾಗಲು ಹಟ ಹಿಡಿಯುತ್ತೆ. ಹುಣಸೆಹುಳಿ ಬೇಗ ಹಾಕಿ ಗಟ್ಟಿ ತರಕಾರಿ ತಿಂದ ಯಾರಿಗಾದರೂ ಇದು ಗೊತ್ತು. ಕೆಸುವಿನ ಗೆಡ್ಡೆ ಅಂತೂ ನಲವತ್ತು ನಿಮಿಷ ಕುದಿಸಿದರೂ ಹಲ್ಲಿಗೆ ಕಲ್ಲು. ಬೆಂಡೆಕಾಯಿಯದು ಬೇರೆಯೇ ರಗಳೆ, ಅದನ್ನು ಮೊದಲೇ ಎಣ್ಣೆಯಲ್ಲಿ ಬಾಡಿಸಿ ಕೊನೆಗೆ ಸೇರಿಸದಿದ್ದರೆ ಇಡೀ ಪಾತ್ರೆ ಲೋಳೆ. ಫೋಟೋ ಮಾತ್ರ ಅದ್ಭುತವಾಗಿದೆ.

ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳಬೇಕು? ಉಡುಪಿಯ ಅಡುಗೆ ನೋಡಿ. ಮಾಟುಂಗದಲ್ಲಿ 1942ರಿಂದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ಯಾರೋ ರೆಸಿಪಿಯಲ್ಲಿ ಸಾರನ್ನು ತಪ್ಪಾಗಿ ಬರೆದರೂ ಅಲ್ಲಿ ಹೋಗಿ ಕೂತು ಉಂಡರೆ ನಾಲಿಗೆಯೇ ತಿದ್ದುತ್ತೆ. ನಮ್ಮವರು ಊರು ಬಿಟ್ಟು ಹೋಗಿ ತಮ್ಮ ಹೆಸರಿನ ಬೋರ್ಡು ಹಾಕಿದರು. ಒಡಿಯಾ ಅಡುಗೆಯವರೂ ಊರು ಬಿಟ್ಟು ಹೋದರು, ಕೋಲ್ಕತ್ತದ ಬಂಗಾಳಿ ಮನೆಗಳಲ್ಲಿ ಅಡುಗೆ ಭಟ್ಟರಾಗಿ ದುಡಿದರು. ಬೇಯಿಸಿದ್ದು ಅವರ ಕೈ, ಹೆಸರು ಆ ಮನೆಯದ್ದು. ರಸಗುಲ್ಲ ಯಾರದ್ದು ಅನ್ನೋ ಜಗಳದಲ್ಲಿ ಬಂಗಾಳಕ್ಕೆ 2017ರಲ್ಲಿ, ಒಡಿಶಾಕ್ಕೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿತು, ಪೇಪರಿನಲ್ಲೂ ಬಂತು. ಅಂಬಿಲಕ್ಕೆ ಅಂಥ ಜಗಳದ ಭಾಗ್ಯವೂ ಇಲ್ಲ. ಹೋಟೆಲಿನ ಮೆನುವಿನಲ್ಲಿ ಅಪರೂಪಕ್ಕೂ ಕಾಣದ ಅಡುಗೆ ಒಡಿಶಾದ ಹೊರಗೆ ಬದುಕುವುದು ಬರೀ ರೆಸಿಪಿಯ ಮೇಲೆ. ಆ ರೆಸಿಪಿಯೇ ಸುಳ್ಳು ಹೇಳಿದರೆ ತಿದ್ದಲು ಪಕ್ಕದಲ್ಲಿ ತಟ್ಟೆ ಇರುವುದಿಲ್ಲ. ಅದಕ್ಕೇ "ಒಡಿಯಾ ಸಾಂಬಾರ್" ಅನ್ನೋ ಹೆಸರು ಕೇಳಿದರೆ ನನಗೆ ಉರಿಯೋದು.

ಮೂರನೆಯದು ಪುಸ್ತಕವೂ ಅಲ್ಲ, ವಿಡಿಯೋವೂ ಅಲ್ಲ. ನಮ್ಮ ಆಫೀಸಿನ ಒಡಿಯಾ ಗೆಳತಿಗೆ ಅವಳಮ್ಮ ಕಳಿಸಿದ ವಾಟ್ಸಾಪ್ ವಾಯ್ಸ್ ಮೆಸೇಜು. ಅವಳು ನಿಲ್ಲಿಸಿ ನಿಲ್ಲಿಸಿ ಹಿಂದಿಯಲ್ಲಿ ಹೇಳಿದಳು, ನಾನು ಬರೆದುಕೊಂಡೆ. ಇದರಲ್ಲೂ ದೋಷವಿದೆ. ಬೆಲ್ಲ ಎಷ್ಟು ಅಂದರೆ "ಸಾಕಾಗುವಷ್ಟು". ಸಾಕಾಗುವುದು ಎಷ್ಟಕ್ಕೆ ಅಂತ ಗೊತ್ತಿದ್ದರೆ ನಾನ್ಯಾಕೆ ಕೇಳ್ತಿದ್ದೆ? ಮೂವರಿಗೆ ಎರಡು ಅಂಬುಲ, ನಿಂಬೆಗಾತ್ರದ ಬೆಲ್ಲ, ಒಂದು ದೊಡ್ಡ ಚಮಚ ಅಕ್ಕಿಹಿಟ್ಟು ಅಂತ ನಾನೇ ಕೊನೆಗೆ ಲೆಕ್ಕ ಹಾಕಿಕೊಂಡೆ. ಆದರೆ ಉಳಿದದ್ದೆಲ್ಲ ಅದರಲ್ಲಿ ಸರಿಯಾಗಿ ಇತ್ತು. ಗೆಡ್ಡೆ, ಮೂಲಂಗಿ ಮೊದಲು, ಕುಂಬಳ, ಬದನೆ ಆಮೇಲೆ. ಮೂಲಂಗಿಯ ಹಸಿ ವಾಸನೆ ಹೋಗಿದೆಯಾ ನೋಡು. ಅಂಬುಲದ ನೀರು ಬಿದ್ದ ಮೇಲೇ ಉಪ್ಪಿನ ರುಚಿ ನೋಡು, ಅಲ್ಲಿಯವರೆಗೆ ಉಪ್ಪಿನ ಡಬ್ಬಿ ಮುಟ್ಟಬೇಡ. ಹಿಟ್ಟು ಕದಡಿ ಹಾಕಿ ಐದು ನಿಮಿಷ ಕುದಿಯಲಿ, ಇಲ್ಲದಿದ್ದರೆ ಹಸಿ ಹಿಟ್ಟು ನಾಲಿಗೆಗೆ ಅಂಟುತ್ತೆ. ಸಾಸಿವೆ ಎಣ್ಣೆ ಹೊಗೆಯಾಡಿದ ಮೇಲಷ್ಟೇ ಒಗ್ಗರಣೆ.

ಅಳತೆ ಇಲ್ಲದಿದ್ದರೂ ಪ್ರತಿ ಹೆಜ್ಜೆಗೂ ಒಂದು ಪರೀಕ್ಷೆ ಇದೆ, ಯಾವಾಗ ನಿಲ್ಲಬೇಕು ಅಂತ ಗೊತ್ತಾಗುತ್ತೆ. ನುಣುಪು ಪುಸ್ತಕದಲ್ಲಿ ಗ್ರಾಂ, ಮಿಲಿಲೀಟರ್ ಎಲ್ಲ ಇದ್ದೂ ಅದೊಂದಿರಲಿಲ್ಲ.

ಇನ್ನೊಂದು ವ್ಯತ್ಯಾಸ. ಪುಸ್ತಕದವರು ಅಂಬುಲವನ್ನು ಹಿಂಡಿ ಎಸೆಯಲು ಹೇಳಿದ್ದರು, ಫೋಟೋದಲ್ಲಿ ಕಪ್ಪು ಚೂರು ಕಾಣಬಾರದಲ್ಲ. ಆ ಅಮ್ಮ ಅದನ್ನು ಸಾರಿನಲ್ಲೇ ಬಿಡಿಸಿದರು. ಊಟದ ಕೊನೆಗೆ ಅನ್ನವೆಲ್ಲ ಮುಗಿದ ಮೇಲೆ ತಟ್ಟೆಯಲ್ಲಿ ಉಳಿದ ಆ ಚೂರನ್ನು ಬಾಯಿಗೆ ಹಾಕಿಕೊಂಡು ಚೀಪಬೇಕಂತೆ. ನಮಗೆ ಮೂವರಿಗೆ ಇದ್ದದ್ದು ಎರಡೇ.