ಅಮೃತಮಹಲೂ ಆಕಾಶದ ಇಂಧನವಾಹಕಗಳೂ: ಸೇನಾಸಾಧನಗಳ ನವೀಕರಣವನ್ನು ಕುರಿತ ಒಂದು ವಿಮರ್ಶೆ

ಯುದ್ಧಗಳ ಚರಿತ್ರೆಯನ್ನು ಬರೆಯುವವರು ಸೇನಾಪತಿಗಳನ್ನೂ ಕೋಟೆಗಳನ್ನೂ ಫಿರಂಗಿಗಳನ್ನೂ ವಿಸ್ತಾರವಾಗಿ ವರ್ಣಿಸುತ್ತಾರೆ. ಫಿರಂಗಿಯನ್ನು ಎಳೆದ ಎತ್ತಿಗೆ ಒಂದು ವಾಕ್ಯವನ್ನು ಕೊಟ್ಟರೆ ಹೆಚ್ಚು. ಈ ಅನಾದರ ಗ್ರಂಥಗಳಿಗೆ ಮಾತ್ರ ಸೀಮಿತವಾಗಿದ್ದರೆ ಚಿಂತೆಯಿರಲಿಲ್ಲ. ರಾಜ್ಯವನ್ನು ನಡೆಸುವವರ ಲೆಕ್ಕಪುಸ್ತಕಗಳಲ್ಲಿಯೂ ಅದು ಕಾಣಿಸಿಕೊಳ್ಳುವುದರಿಂದ ಇದನ್ನು ವಿಚಾರಮಾಡಬೇಕಾಗಿದೆ. ಭಾರತೀಯ ವಾಯುಸೇನೆಯಲ್ಲಿ ಅಂದಿನ ಎತ್ತಿನ ಸ್ಥಾನದಲ್ಲಿರುವುದು ಇಂಧನವಾಹಕ ವಿಮಾನ. ಹಾರುತ್ತಿರುವ ಯುದ್ಧವಿಮಾನಕ್ಕೆ ಆಕಾಶದಲ್ಲಿಯೇ ಇಂಧನವನ್ನು ತುಂಬಿ, ಅದು ನೆಲಕ್ಕಿಳಿಯದೆ ಮುಂದುವರಿಯುವಂತೆ ಮಾಡುವುದು ಇದರ ಕೆಲಸ. ಹಳೆಯದಾಗುತ್ತಿರುವ ಈ ವಿಮಾನಗಳಿಗೆ ಬದಲಿಯನ್ನು ಒದಗಿಸುವ ಪ್ರಯತ್ನವು ಸುಮಾರು ಎರಡು ದಶಕಗಳಿಂದ ಕುಂಟುತ್ತ ಬಂದಿದೆ. ಈ ಕುಂಟುನಡೆಯ ಕಾರಣವನ್ನು ಮಿರ್ಲೆ, ಹುಣಸೂರು, ಪಿರಿಯಾಪಟ್ಟಣಗಳ ಸೀಮೆಯವರಿಗೆ ಸಮೀಪದ ಒಂದು ಪೂರ್ವನಿದರ್ಶನದ ಬೆಳಕಿನಲ್ಲಿ ಪರೀಕ್ಷಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ವಸ್ತುಸ್ಥಿತಿಯನ್ನು ನೋಡೋಣ. ತಾಷ್ಕೆಂಟಿನಲ್ಲಿ ನಿರ್ಮಾಣವಾದ ಇಲ್ಯೂಷಿನ್-೭೮ ಜಾತಿಯ ಆರು ವಿಮಾನಗಳು ೨೦೦೩-೦೪ರಲ್ಲಿ ನಮ್ಮ ವಾಯುಸೇನೆಯನ್ನು ಸೇರಿದವು. ಆಗ್ರಾ ಅವುಗಳ ನೆಲೆ. ಸಂಖ್ಯೆ ಆರಾದರೂ ಆರೂ ಏಕಕಾಲದಲ್ಲಿ ಹಾರಾಟಕ್ಕೆ ಸಿದ್ಧವಾಗಿದ್ದವೆಂದು ತಿಳಿಯಬಾರದು. ೨೦೧೦ರಿಂದ ೨೦೧೬ರವರೆಗಿನ ಅವಧಿಯಲ್ಲಿ ಅವುಗಳ ಸರಾಸರಿ ಸನ್ನದ್ಧತೆ ಶೇಕಡ ೭೦ ಇರಬೇಕಾದಲ್ಲಿ ಶೇಕಡ ೪೯ ಮಾತ್ರ ಇತ್ತೆಂದು ಭಾರತದ ಮಹಾಲೇಖಪಾಲರ ೨೦೧೭ರ ವರದಿ ತಿಳಿಸುತ್ತದೆ. ಆರು ವಿಮಾನಗಳನ್ನು ಹೊಂದಿದ್ದೆವು; ಮೂರನ್ನು ಮಾತ್ರ ನಂಬಬಹುದಾಗಿತ್ತು. ಇನ್ನೊಂದು ಮಿತಿಯೂ ಇದೆ. ಈ ವಿಮಾನ ಇಂಧನವನ್ನು ಕೊಡುವುದು ತುದಿಯಲ್ಲಿ ಬುಟ್ಟಿಯಂತಹ ಅಂಗವುಳ್ಳ ಉದ್ದನೆಯ ಮೆದುಕೊಳವೆಯ ಮೂಲಕ. ಸುಖೋಯ್, ರಫೇಲ್, ತೇಜಸ್ ವಿಮಾನಗಳಿಗೆ ಈ ಕ್ರಮ ಒಗ್ಗುತ್ತದೆ. ಗಟ್ಟಿಯಾದ ದಂಡದ ಮೂಲಕ ಇಂಧನವನ್ನು ಪಡೆಯುವಂತೆ ರಚಿತವಾಗಿರುವ ಸಿ-೧೭ ಸಾಗಣೆ ವಿಮಾನಕ್ಕಾಗಲಿ, ನೌಕಾಪಡೆಯ ಪಿ-೮ ಕಾವಲು ವಿಮಾನಕ್ಕಾಗಲಿ ಅದು ಉಪಯೋಗಕ್ಕೆ ಬಾರದು.

ಈ ಕೊರತೆ ಸರ್ಕಾರಕ್ಕೆ ತಿಳಿಯದೆ ಉಳಿದಿರಲಿಲ್ಲ. ೨೦೦೬ರಲ್ಲಿಯೇ ಇನ್ನೂ ಆರು ವಿಮಾನಗಳಿಗೆ ಟೆಂಡರು ಹೊರಟಿತು. ೨೦೦೯ರಲ್ಲಿ ಏರ್‌ಬಸ್ ೩೩೦ ಆಧಾರಿತ ವಿಮಾನ ಆಯ್ಕೆಯಾಯಿತು. ಬೆಲೆ ಹೆಚ್ಚೆಂಬ ಹಣಕಾಸು ಖಾತೆಯ ಆಕ್ಷೇಪಣೆಯಿಂದ ೨೦೧೦ರಲ್ಲಿ ಅದು ರದ್ದಾಯಿತು. ಎರಡನೆಯ ಟೆಂಡರಿನಲ್ಲಿ ಕೊಳ್ಳುವ ಬೆಲೆಯನ್ನಷ್ಟೇ ಅಲ್ಲದೆ ವಿಮಾನದ ಆಯುಷ್ಯದುದ್ದಕ್ಕೂ ತಗಲುವ ವೆಚ್ಚವನ್ನೂ ಗಣನೆಗೆ ತೆಗೆದುಕೊಳ್ಳಲಾಯಿತು. ೨೦೧೩ರಲ್ಲಿ ಅದೇ ವಿಮಾನ ಮತ್ತೆ ಮುಂದೆ ಬಂದಿತು. ೨೦೧೬ರಲ್ಲಿ ಅದೂ ರದ್ದಾಯಿತು. ೨೦೨೦ರ ಜುಲೈ ತಿಂಗಳಲ್ಲಿ ಮೊದಲ ಐದು ರಫೇಲ್ ವಿಮಾನಗಳು ಫ್ರಾನ್ಸಿನಿಂದ ಅಂಬಾಲೆಗೆ ಹೊರಟಾಗ, ಮಾರ್ಗದಲ್ಲಿ ಅವುಗಳಿಗೆ ಇಂಧನವನ್ನು ತುಂಬಿದ್ದು ಫ್ರೆಂಚ್ ವಾಯುಸೇನೆಯ ಇಂಧನವಾಹಕ. ಅದು ನಾವು ಎರಡು ಬಾರಿ ಆರಿಸಿ ಎರಡು ಬಾರಿಯೂ ಬಿಟ್ಟ ಅದೇ ಜಾತಿಯ ವಿಮಾನ.

ಇನ್ನು ಪೂರ್ವನಿದರ್ಶನಕ್ಕೆ ಬರೋಣ. ಮೈಸೂರಿನ ಸೈನ್ಯಕ್ಕೆ ಚಲನಶಕ್ತಿಯನ್ನು ಕೊಟ್ಟದ್ದು ಅಮೃತಮಹಲಿನ ದನಗಳು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯನ್ನು ಹೈದರನು ಸೈನ್ಯದ ಸಾಗಣೆಯ ಅಂಗವನ್ನಾಗಿ ಬೆಳೆಸಿದನು. ಟಿಪ್ಪುವು ಅದಕ್ಕೆ ಅಮೃತಮಹಲೆಂಬ ಹೆಸರನ್ನೂ ಹುಕುಂನಾಮೆಯ ಮೂಲಕ ನಿಯಮಗಳನ್ನೂ ಕೊಟ್ಟನು. ೧೭೮೧ರಲ್ಲಿ ಹೈದರನು ಚಿದಂಬರದ ರಕ್ಷಣೆಗಾಗಿ ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದುಬಂದದ್ದು ಈ ಎತ್ತುಗಳ ಬಲದಿಂದಲೇ ಎಂದು ಗೆಜೆಟಿಯರು ಹೇಳುತ್ತದೆ. ಇಲ್ಲಿ ಗಮನಿಸಬೇಕಾದುದು ಎತ್ತಿನ ವೇಗಕ್ಕಿಂತ ಅದರ ಹಿಂದಿದ್ದ ವ್ಯವಸ್ಥೆ. ಬೇಸಗೆಗೆ, ಮಳೆಗಾಲಕ್ಕೆ, ಚಳಿಗಾಲಕ್ಕೆ ಬೇರೆಬೇರೆಯಾದ ಕಾವಲುಗಳಿದ್ದವು. ಕರು ಹುಟ್ಟಿ, ಬೆಳೆದು, ಪಳಗಿ ನೊಗಕ್ಕೆ ಬರಲು ನಾಲ್ಕೈದು ವರ್ಷ ಬೇಕಾಗುತ್ತಿತ್ತು. ಆದುದರಿಂದ ಮುದಿಯಾದ ಎತ್ತಿಗೆ ಬದಲಿಯು ಯುದ್ಧ ಬಂದ ದಿನ ಹುಡುಕುವ ವಸ್ತುವಾಗಿರಲಿಲ್ಲ. ಅದು ಐದು ವರ್ಷಗಳ ಹಿಂದೆಯೇ ಕಾವಲಿನಲ್ಲಿ ಹುಟ್ಟಿರುತ್ತಿತ್ತು.

೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡುಗಳ ಮೇಲ್ವಿಚಾರಣೆ ಸಡಿಲವಾಗಿ ತಳಿ ಕ್ಷೀಣಿಸಿತು. ೧೮೧೩ರಲ್ಲಿ ಮದ್ರಾಸ್ ಸೈನ್ಯದ ಕಮಿಸರಿಯೇಟಿನ ಕ್ಯಾಪ್ಟನ್ ಹಾರ್ವೆಯ ವಶಕ್ಕೆ ಬಂದ ಬಳಿಕ ಅದು ಚೇತರಿಸಿಕೊಂಡಿತು. ಹುಣಸೂರು ಈ ಇಲಾಖೆಯ ಪ್ರಮುಖ ಸ್ಥಾನವಾಯಿತು. ಅಲ್ಲಿ ದನಗಳ ವ್ಯವಹಾರದ ಜೊತೆಗೆ ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿಯ ಕಾರ್ಖಾನೆ, ಸೈನ್ಯಕ್ಕೆ ಗಾಡಿಗಳನ್ನು ಕಟ್ಟುವ ಮರದ ಅಂಗಳ ಇವೆಲ್ಲವೂ ೧೮೬೪ರವರೆಗೆ ನಡೆದವು. ಎತ್ತು, ಗಾಡಿ, ಮಿಣಿ, ಬಡಗಿ, ಚಮ್ಮಾರ ಎಲ್ಲವೂ ಒಂದೇ ನೆಲೆಯಲ್ಲಿ ಕೂಡಿದ್ದುದರಿಂದ ಒಂದರ ಸವೆತವನ್ನು ಇನ್ನೊಂದು ತುಂಬುತ್ತಿತ್ತು.

ಹೀಗಿರಲು ೧೮೬೦ರಲ್ಲಿ ಮಿತವ್ಯಯದ ಹೆಸರಿನಲ್ಲಿ ಅಮೃತಮಹಲನ್ನು ಮುಚ್ಚಿ ಹಿಂಡುಗಳನ್ನು ಮಾರಲಾಯಿತು. ಈ ನಿರ್ಧಾರಕ್ಕೆ ಆಧಾರವೇ ಇರಲಿಲ್ಲವೆಂದು ಹೇಳುವುದು ನ್ಯಾಯವಲ್ಲ. ಮದ್ರಾಸಿನಿಂದ ಹೊರಟ ರೈಲು ೧೮೬೪ರಲ್ಲಿ ಬೆಂಗಳೂರನ್ನು ತಲುಪಿತು. ರೈಲು ಬರುತ್ತಿರುವ ಕಾಲದಲ್ಲಿ ಸಾವಿರಾರು ದನಗಳಿಗೆ ಮೇವೇಕೆ ಎಂಬ ಪ್ರಶ್ನೆ ಸಹಜವಾದುದು. ಆದರೆ ರೈಲು ಹೋಗದ ಕಡೆ ಫಿರಂಗಿಯನ್ನು ಎಳೆಯುವವರು ಯಾರು ಎಂಬ ಪ್ರಶ್ನೆಗೆ ಮಾರಾಟದ ಲೆಕ್ಕದಲ್ಲಿ ಉತ್ತರವಿರಲಿಲ್ಲ. ತಪ್ಪು ಬೇಗನೆ ಅರಿವಿಗೆ ಬಂದು ೧೮೬೬ರಲ್ಲಿ ಇಲಾಖೆಯನ್ನು ಮರಳಿ ಸ್ಥಾಪಿಸಬೇಕಾಯಿತು. ಚದುರಿಹೋದ ತಳಿಯನ್ನು ಮತ್ತೆ ಕೂಡಿಸುವುದು ಮಾರಿದಷ್ಟು ಸುಲಭವಲ್ಲವೆಂಬುದು ದನ ಸಾಕಿದವರೆಲ್ಲರಿಗೂ ತಿಳಿದ ಮಾತು.

ಎತ್ತಿಗೂ ವಿಮಾನಕ್ಕೂ ಎತ್ತಣ ಹೋಲಿಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ವಿಮಾನ ಕರು ಹಾಕುವುದಿಲ್ಲ ನಿಜ. ಸಾಮ್ಯವಿರುವುದು ವಸ್ತುಗಳಲ್ಲಿ ಅಲ್ಲ, ತಪ್ಪಿನಲ್ಲಿ. ಸತತವಾಗಿ ನಡೆಯಬೇಕಾದ ಪೋಷಣೆಯನ್ನು ಒಮ್ಮೆ ಮಾಡಿ ಮುಗಿಸುವ ಖರೀದಿಯೆಂದು ಭಾವಿಸುವುದೇ ಆ ತಪ್ಪು. ಖರೀದಿಯೆಂದು ಭಾವಿಸಿದಾಗ ಬೆಲೆ ಹೆಚ್ಚೆಂದು ಮುಂದೂಡಿದ ಪ್ರತಿವರ್ಷವೂ ಉಳಿತಾಯದಂತೆ ತೋರುತ್ತದೆ. ಪೋಷಣೆಯೆಂದು ತಿಳಿದಾಗ ಅದೇ ವರ್ಷ ನಷ್ಟದ ಪಟ್ಟಿಗೆ ಸೇರುತ್ತದೆ. ಸಾರ್ವಜನಿಕರ ಹಣವನ್ನು ಕಾಯುವುದು ಹಣಕಾಸು ಖಾತೆಯ ಧರ್ಮವೇ ಸರಿ. ಅದರ ಆಕ್ಷೇಪಣೆಯನ್ನು ನಾವು ದೂಷಿಸುವುದಿಲ್ಲ. ಬೇಡವೆಂದ ಮೇಲೆ ಅದರ ಬದಲಿಗೆ ಏನೆಂಬುದನ್ನು ಯಾರೂ ಹೇಳದೆ ಹೋದದ್ದನ್ನು ದೂಷಿಸುತ್ತೇವೆ.

ಇದು ನಮ್ಮ ದೇಶಕ್ಕೆ ಮಾತ್ರ ಅಂಟಿದ ದೋಷವೂ ಅಲ್ಲ. ೧೯೫೭ರಲ್ಲಿ ಸೇವೆಗೆ ಬಂದ ಕೆಸಿ-೧೩೫ ವಿಮಾನಗಳನ್ನು ಬದಲಿಸಲು ಅಮೆರಿಕವು ಈ ಶತಮಾನದ ಆರಂಭದಲ್ಲಿಯೇ ತೊಡಗಿತು. ಮೊದಲಿನ ಬಾಡಿಗೆಯ ಯೋಜನೆ ಹಗರಣದಲ್ಲಿ ಮುಳುಗಿತು. ೨೦೦೮ರ ಆಯ್ಕೆ ತಕರಾರಿನಲ್ಲಿ ಬಿದ್ದುಹೋಯಿತು. ೨೦೧೧ರಲ್ಲಿ ಬೋಯಿಂಗಿಗೆ ಗುತ್ತಿಗೆ ದೊರೆತು, ಮೊದಲ ಹೊಸ ವಿಮಾನ ೨೦೧೯ರಲ್ಲಿ ಸೇನೆಯನ್ನು ಸೇರಿತು. ಆದರೂ ಅಷ್ಟು ಕಾಲ ಆ ದೇಶದ ಕೆಲಸ ನಿಲ್ಲಲಿಲ್ಲ. ಹಳೆಯ ವಿಮಾನಗಳಿಗೆ ಹೊಸ ಎಂಜಿನುಗಳನ್ನು ಜೋಡಿಸಿ ನಡೆಸಿಕೊಂಡು ಹೋಗುವ ಕಾರ್ಯಾಗಾರಗಳು ಅಲ್ಲಿದ್ದುದೇ ಇದಕ್ಕೆ ಕಾರಣ. ಅಲ್ಲಿ ಟೆಂಡರು ಸೋತರೂ ಕಾವಲು ಉಳಿದಿತ್ತು.

ಈ ದೃಷ್ಟಿಯಿಂದ ೨೦೨೨ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯು ಇಸ್ರೇಲಿನ ವಿಮಾನ ಸಂಸ್ಥೆಯೊಡನೆ ಮಾಡಿಕೊಂಡ ಒಡಂಬಡಿಕೆ ವಿಚಾರಾರ್ಹವಾಗಿದೆ. ಬಳಕೆಯಾದ ಬೋಯಿಂಗ್ ೭೬೭ ಪ್ರಯಾಣಿಕ ವಿಮಾನಗಳನ್ನು ಇಂಧನವಾಹಕಗಳಾಗಿ ಮಾರ್ಪಡಿಸುವುದು ಅದರ ಉದ್ದೇಶ. ೨೦೨೫ರಲ್ಲಿ ವಾಯುಸೇನೆಯು ತನ್ನ ವೈಮಾನಿಕರ ತರಬೇತಿಗಾಗಿ ಖಾಸಗಿ ಸಂಸ್ಥೆಯಿಂದ ಒಂದು ಕೆಸಿ-೧೩೫ ವಿಮಾನವನ್ನು ಬಾಡಿಗೆಗೆ ಪಡೆಯಿತು. ಬಳಕೆಯಾದ ವಿಮಾನವೆಂದು ಮೂಗು ಮುರಿಯುವವರಿದ್ದಾರೆ. ನಮ್ಮ ಆಕ್ಷೇಪಣೆ ಅದಲ್ಲ. ಒಳ್ಳೆಯ ಜಾತಿಯ ಎತ್ತನ್ನು ಸಂತೆಯಲ್ಲಿ ಕೊಂಡರೂ ಅದು ಎತ್ತೇ. ಕೇಳಬೇಕಾದ ಪ್ರಶ್ನೆ ಬೇರೆ: ಮಾರ್ಪಾಡಿನ ವಿದ್ಯೆ ಬೆಂಗಳೂರಿನಲ್ಲಿ ನೆಲೆಸುತ್ತದೆಯೋ, ಇಲ್ಲವೇ ಸಿದ್ಧಭಾಗಗಳನ್ನು ಜೋಡಿಸುವ ಕೆಲಸವಷ್ಟೇ ನಮ್ಮ ಪಾಲಿಗೆ ಬರುತ್ತದೆಯೋ? ೧೯೪೦ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಭಾಗಿತ್ವದಿಂದ ಸ್ಥಾಪಿಸಿದ ಈ ಕಾರ್ಖಾನೆಯು ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳನ್ನು ದುರಸ್ತಿ ಮಾಡಿಯೇ ಕೈ ಪಳಗಿಸಿಕೊಂಡಿತೆಂಬುದನ್ನು ಮರೆಯಲಾಗದು. ಆ ಪರಂಪರೆಯನ್ನು ಬಳಸಿಕೊಳ್ಳದ ಒಪ್ಪಂದ ಇನ್ನೊಂದು ಖರೀದಿಯಾಗುತ್ತದೆಯೇ ಹೊರತು ನವೀಕರಣವಾಗುವುದಿಲ್ಲ.

ಕೊಂಡ ವಿಮಾನಗಳ ಸಂಖ್ಯೆಯಿಂದ ನವೀಕರಣವನ್ನು ಅಳೆಯುವುದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಪ್ರತಿದಿನ ಬೆಳಗ್ಗೆ ಹಾರಲು ಸಿದ್ಧವಾಗಿರುವ ವಿಮಾನಗಳೆಷ್ಟು, ಅವುಗಳನ್ನು ಸಿದ್ಧಪಡಿಸುವ ಕೈಗಳು ದೇಶದೊಳಗೆ ಎಷ್ಟಿವೆ, ಹತ್ತು ವರ್ಷದ ನಂತರದ ಬದಲಿಯನ್ನು ಈಗಲೇ ಯಾರು ಯೋಚಿಸುತ್ತಿದ್ದಾರೆ ಎಂಬ ಮೂರು ಪ್ರಶ್ನೆಗಳೇ ಅದರ ಅಳತೆಗೋಲಾಗಬೇಕು. ಸಮುದ್ರದ ಮೇಲೆ ಇಂಧನ ತೀರುತ್ತಿರುವ ವಿಮಾನದೊಳಗೆ ಕುಳಿತ ತರುಣನಿಗೆ ಟೆಂಡರಿನ ಉಳಿತಾಯದಿಂದ ಏನೂ ಸಿಗದು. ೧೮೬೦ರ ನಷ್ಟವನ್ನು ಸರಿಪಡಿಸಲು ಆರು ವರ್ಷ ಸಾಕಾಯಿತು. ೨೦೦೬ರಲ್ಲಿ ಆರಂಭವಾದ ಕೆಲಸಕ್ಕೆ ಹದಿನಾರು ವರ್ಷಗಳ ಮೇಲೆ ದೊರೆತದ್ದು ಒಂದು ಒಡಂಬಡಿಕೆ. ಆಡಳಿತದ ವಿಳಂಬವನ್ನು ಕುರಿತು ಸಂಶೋಧನೆ ಮಾಡಬಯಸುವ ನಮ್ಮ ವಿದ್ಯಾರ್ಥಿಗಳು ಹುಣಸೂರಿನ ಹಳೆಯ ಕಡತಗಳನ್ನೂ ದೆಹಲಿಯ ಹೊಸ ವರದಿಗಳನ್ನೂ ಒಟ್ಟಿಗಿರಿಸಿಕೊಂಡು ಓದಿದರೆ ಪ್ರಯೋಜನವಾದೀತು.