ಅಕ್ಷಪಟಲವೂ ಆತುರಗೃಹವೂ

ಕೌಟಲೀಯ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿರುವ ಅಕ್ಷಪಟಲಪ್ರಕರಣವನ್ನು ಈಚಿನ ಲೇಖಕರು ಬಹಳವಾಗಿ ಕೊಂಡಾಡುತ್ತಿದ್ದಾರೆ. ಸಂಸ್ಥೆಗಳಲ್ಲಿ ಮಾಹಿತಿಯನ್ನು ಹೇಗೆ ಇಡಬೇಕು, ಅದಕ್ಕೆ ಹೊಣೆ ಯಾರು, ತಪ್ಪಿದವರಿಗೆ ಶಿಕ್ಷೆಯೇನು ಎಂಬ ವಿಷಯದಲ್ಲಿ ಇಂದಿನವರು ಕಟ್ಟುತ್ತಿರುವ ನೀತಿಯೆಲ್ಲವೂ ಅಲ್ಲಿಯೇ ಅಡಗಿದೆಯೆಂಬುದು ಅವರ ವಾದ. ತಂಜಾವೂರು ಪ್ರಾಂತದ ಪಂಡಿತರೊಬ್ಬರಿಂದ ಮೈಸೂರಿನ ಪ್ರಾಚ್ಯಕೋಶಾಗಾರಕ್ಕೆ ಬಂದ ಓಲೆಯ ಪ್ರತಿಯನ್ನು ಶೋಧಿಸಿ, ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಈ ಗ್ರಂಥವನ್ನು ಅಚ್ಚುಮಾಡಿಸಿದರು. ಆ ನಾಡಿನವರಾದ ನಮಗೆ ಇಂತಹ ಪ್ರಶಂಸೆಯು ಇಂಪಾಗಿ ಕೇಳಿಸುವುದು ಸಹಜವೇ ಸರಿ. ಆದರೆ ಗ್ರಂಥಾಭಿಮಾನವು ಗ್ರಂಥಾರ್ಥನಿರ್ಣಯಕ್ಕೆ ಪ್ರಮಾಣವಾಗಲಾರದು. ಈ ವಾದದಲ್ಲಿ ಅರ್ಧ ಮಾತ್ರ ಸಾಧುವೆಂದು ನಮಗೆ ತೋರುತ್ತದೆ.

ಮೊದಲು ಆ ಸಾಧುಭಾಗವನ್ನು ನೋಡೋಣ. ಅಕ್ಷಪಟಲವೆಂದರೆ ಅರಸನ ಲೆಕ್ಕಪತ್ರಗಳ ಕಾರ್ಯಾಲಯ. ಅದು ಪೂರ್ವಕ್ಕೋ ಉತ್ತರಕ್ಕೋ ಮುಖವಾಗಿರಬೇಕು. ಕುಳಿತು ಬರೆಯುವವರಿಗೆ ಬೇರೆ ಬೇರೆ ಆಸನಗಳೂ, ನಿಬಂಧಪುಸ್ತಕಗಳಿಗೆ ನಿಯತವಾದ ಸ್ಥಾನವೂ ಇರಬೇಕು. ಇಲಾಖೆಗಳ ಸಂಖ್ಯೆ, ಕರ್ಮಾಂತಗಳ ಆಯವ್ಯಯ, ದೇಶ ಗ್ರಾಮ ಜಾತಿ ಕುಲ ಸಂಘಗಳ ಧರ್ಮವ್ಯವಹಾರಗಳು ಇವೆಲ್ಲವೂ ಅಲ್ಲಿ ದಾಖಲಾಗತಕ್ಕವು. ವರ್ಷದ ಲೆಕ್ಕವು ಆಷಾಢಮಾಸದಲ್ಲಿ ಮುದ್ರೆ ಹಾಕಿದ ಪುಸ್ತಕ ಮತ್ತು ಉಳಿಕೆಯ ದ್ರವ್ಯಗಳೊಡನೆ ಬರಬೇಕು. ಲೆಕ್ಕ ತಂದವರು ತಮ್ಮತಮ್ಮೊಳಗೆ ಮಾತನಾಡಿಕೊಳ್ಳದಂತೆ ತಡೆಯಬೇಕೆಂಬ ವಿಧಿಯೂ ಇದೆ. ಇಂದಿನ ಲೆಕ್ಕಪರಿಶೋಧಕರು ಇದನ್ನು ಓದಿದರೆ ತಲೆದೂಗದೆ ಇರಲಾರರು. ಕ್ರಮ ತಪ್ಪಿಸಿ, ಅರ್ಥವಾಗದಂತೆ, ಅಥವಾ ಒಂದನ್ನೇ ಎರಡು ಸಲ ಬರೆದವನಿಗೆ ಹನ್ನೆರಡು ಪಣ ದಂಡ. ಕಾರ್ಮಿಕನು ಲೆಕ್ಕದೊಡನೆ ಬಂದು ನಿಂತಿರುವಾಗ ಪರೀಕ್ಷಿಸಬೇಕಾದ ಕಾರಣಿಕನು ಸಿದ್ಧನಾಗಿಲ್ಲದಿದ್ದರೆ ಅವನಿಗೆ ಪೂರ್ವಸಾಹಸದಂಡ. ಕಾರ್ಮಿಕನೇ ತಪ್ಪಿದರೆ ಅದರ ಎರಡರಷ್ಟು. (ಕನ್ನಡ ಶಾಸನಗಳ ಕರಣಿಕನೂ ಈ ಮನೆತನದವನೇ.) ಪರೀಕ್ಷಕನೂ ದಂಡಕ್ಕೆ ಒಳಗಾಗುವನೆಂಬ ಈ ಒಂದು ಅಂಶವು ನಮ್ಮ ಎಷ್ಟೋ ಕಚೇರಿಗಳಲ್ಲಿ ಇನ್ನೂ ಪ್ರವೇಶಿಸಿಲ್ಲ.

ಇದಕ್ಕಿಂತಲೂ ಮನನೀಯವಾದುದು ನಷ್ಟಕ್ಕೆ ದಂಡವೆಷ್ಟೆಂಬ ಚರ್ಚೆ. ಅಜ್ಞಾನ, ಆಲಸ್ಯ, ಪ್ರಮಾದ, ಭಯ, ಕಾಮ, ಕ್ರೋಧ, ದರ್ಪ, ಲೋಭ ಎಂದು ಅಧಿಕಾರಿಯಿಂದಾಗುವ ಹಾನಿಗೆ ಎಂಟು ಕಾರಣಗಳನ್ನು ಹೇಳಿ, ಆಚಾರ್ಯನು ಪರಪಕ್ಷಗಳನ್ನು ಅನುವಾದಿಸುತ್ತಾನೆ. ಎಲ್ಲ ಕಾರಣಗಳಿಗೂ ಎಂಟರಷ್ಟೆಂದು ಪಾರಾಶರರು, ಹತ್ತರಷ್ಟೆಂದು ಬಾರ್ಹಸ್ಪತ್ಯರು, ಇಪ್ಪತ್ತರಷ್ಟೆಂದು ಔಶನಸರು. ಅಪರಾಧಕ್ಕೆ ತಕ್ಕಂತೆ ಎಂಬುದು ಕೌಟಲ್ಯನ ಸಿದ್ಧಾಂತ. ತಿಳಿಯದೆ ತಪ್ಪಿದ ಲೇಖಕನನ್ನೂ ಲೋಭದಿಂದ ತಿದ್ದಿದ ಲೇಖಕನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬ ವಿವೇಕವು ಇಲ್ಲಿದೆ.

ಮುಂದಿನ ಅಧ್ಯಾಯದಲ್ಲಿ ಅಪಹಾರವನ್ನು ಬಯಲಿಗೆಳೆಯುವ ಸೂಚಕನ ವಿಷಯ ಬರುತ್ತದೆ. ಅವನು ಹೇಳಿದುದು ಸಿದ್ಧವಾದರೆ ಆರನೆಯ ಒಂದು ಪಾಲು. ಅವನು ಸಂಬಳದ ಆಳಾಗಿದ್ದರೆ ಹನ್ನೆರಡನೆಯ ಒಂದು ಪಾಲು. ಸಿದ್ಧವಾಗದಿದ್ದರೆ ದೇಹದಂಡವೋ ಧನದಂಡವೋ ತಪ್ಪದು. ಸಂಸ್ಥೆಯ ಒಳಗಿನ ಅನ್ಯಾಯವನ್ನು ಕಂಡ ಬಡ ಗುಮಾಸ್ತನು ಇಂತಹ ವಿಧಿಯ ಕೆಳಗೆ ಬಾಯಿ ತೆರೆಯುವನೇ ಎಂಬುದನ್ನು ವಾಚಕರೇ ಊಹಿಸಬಹುದು. ಕೋಶವನ್ನು ಕಾಯುವ ಆತುರದಲ್ಲಿ ಸೂಚಕನನ್ನು ಕಾಯುವುದು ಆಚಾರ್ಯನಿಗೆ ಮುಖ್ಯವಾಗಿ ತೋರಲಿಲ್ಲ.

ಇಲ್ಲಿಂದಲೇ ನಮ್ಮ ಆಕ್ಷೇಪವು ಆರಂಭವಾಗುತ್ತದೆ. ಮೇಲೆ ಹೇಳಿದ ವಿಧಿಗಳೆಲ್ಲವೂ ಬರೆಯಿಸಿದ ಒಡೆಯನಿಗೆ ನಷ್ಟವಾಗದಿರಲೆಂದು ಹುಟ್ಟಿದವು. ಯಾರನ್ನು ಕುರಿತು ಬರೆಯಲಾಯಿತೋ ಅವನಿಗೆ ಬರಹದಿಂದ ಕೇಡಾಗಬಾರದೆಂಬ ದೃಷ್ಟಿ ಅವುಗಳಲ್ಲಿಲ್ಲ. ನಾಲ್ಕನೆಯ ಅಧಿಕರಣದಲ್ಲಿ, ನ್ಯಾಯಸ್ಥಾನದ ಲೇಖಕನು ವಾದಿಪ್ರತಿವಾದಿಗಳು ಹೇಳಿದುದನ್ನು ಬಿಟ್ಟರೆ, ಹೇಳದುದನ್ನು ಸೇರಿಸಿದರೆ ದಂಡ ಉಂಟೆಂದು ಹೇಳಿದೆ. ಅದೊಂದು ಶ್ಲಾಘ್ಯವಾದ ಅಪವಾದ. ಉಳಿದೆಡೆ ಸ್ಥಿತಿ ಬೇರೆ. ನಗರದ ಹತ್ತು, ಇಪ್ಪತ್ತು ಅಥವಾ ನಲವತ್ತು ಕುಲಗಳಿಗೆ ಒಬ್ಬ ಗೋಪನು. ಅವನು ಸ್ತ್ರೀಪುರುಷರ ಜಾತಿ ಗೋತ್ರ ನಾಮ ಕರ್ಮಗಳನ್ನೂ, ಆಯವ್ಯಯವನ್ನೂ ಅರಿತಿರಬೇಕು. ಜನಪದದ ಗೋಪನಾದರೋ ಜನರ ನಡತೆಯನ್ನೂ ತಿಳಿದಿರಬೇಕು. ಅವನ ಲೆಕ್ಕವು ಸರಿಯೇ ಎಂದು ಗೃಹಸ್ಥವೇಷದ ಗೂಢಪುರುಷರು ಪರೀಕ್ಷಿಸುವರು. ಹೀಗೆ ಸಂಗ್ರಹವಾದುದನ್ನು ಯಾರಿಗೆ ತಿಳಿಸಬಾರದು, ಯಾವಾಗ ಅಳಿಸಬೇಕು, ತಪ್ಪಿದ್ದರೆ ಮನೆಯವನು ಹೇಗೆ ತಿದ್ದಿಸಿಕೊಳ್ಳಬೇಕು ಎಂಬುದಕ್ಕೆ ಈ ಅಧ್ಯಾಯಗಳಲ್ಲಿ ಉತ್ತರವಿಲ್ಲ. ಅರಸನ ಮಂತ್ರಾಲೋಚನೆಯನ್ನು ಪಕ್ಷಿಗಳೂ ಕಾಣದಂತೆ ರಕ್ಷಿಸಬೇಕೆಂದವನು ಪ್ರಜೆಯ ಮನೆಗೆ ಕದವಿಡಲಿಲ್ಲ.

ನಾಗರಿಕಪ್ರಣಿಧಿಪ್ರಕರಣದ ಒಂದು ವಿಧಿಯಲ್ಲಿ ಈ ಭೇದವು ಸ್ಫುಟವಾಗುತ್ತದೆ. ಗುಟ್ಟಾಗಿ ಗಾಯಕ್ಕೆ ಚಿಕಿತ್ಸೆ ಮಾಡಿಸಿಕೊಳ್ಳುವವನ ಸುದ್ದಿಯನ್ನು ವೈದ್ಯನೂ ಮನೆಯ ಯಜಮಾನನೂ ಗೋಪನಿಗೋ ಸ್ಥಾನಿಕನಿಗೋ ತಿಳಿಸಿದರೆ ಬಿಡುಗಡೆ. ಇಲ್ಲವಾದರೆ ಅವರೂ ಸಮಾನದೋಷಿಗಳು. ಇದಕ್ಕೆದುರಾಗಿ ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯವನ್ನು ಇಡಬೇಕು. ಅಲ್ಲಿ ಆಚಾರ್ಯನು ಅಗ್ನಿಸಾಕ್ಷಿಯಾಗಿ ಶಿಷ್ಯನಿಗೆ ವಿಧಿಸುವ ವ್ರತಗಳಲ್ಲಿ, ರೋಗಿಯ ಮನೆಯ ವೃತ್ತಾಂತವನ್ನು ಹೊರಗೆಡಹಬಾರದೆಂಬುದೂ ಒಂದು. ಅಪ್ಪಣೆಯಿಲ್ಲದೆ ಮನೆಯನ್ನು ಹೊಗಬಾರದು. ಹೊಕ್ಕ ಮೇಲೆ ಮನಸ್ಸೂ ಮಾತೂ ರೋಗಿಯ ಹಿತವನ್ನು ಬಿಟ್ಟು ಬೇರೆಡೆಗೆ ಹರಿಯಬಾರದು. ಮಾಹಿತಿಯು ಒಪ್ಪಿಸಿದವನದು, ವೈದ್ಯನಲ್ಲಿ ಅದು ನಿಕ್ಷೇಪ ಮಾತ್ರ ಎಂಬ ಭಾವವು ಇಲ್ಲಿ ವ್ಯಕ್ತವಾಗಿದೆ.

ಗಾಯಾಳುವು ಕಳ್ಳನಾಗಿರಬಹುದು, ಊರಿನ ಕ್ಷೇಮಕ್ಕಾಗಿ ವರದಿ ಬೇಕು ಎಂದು ಕೌಟಲ್ಯನ ಪರವಾಗಿ ಹೇಳಬಹುದು. ಒಪ್ಪತಕ್ಕ ಮಾತೇ. ಚರಕನ ವ್ರತವೂ ನಿರ್ದುಷ್ಟವಲ್ಲ: ರಾಜದ್ವಿಷ್ಟರಿಗೆ ಔಷಧವನ್ನೇ ಕೊಡಬಾರದೆಂದು ಅಲ್ಲಿಯೇ ಇದೆ. ಎಂದರೆ ಅರಸನಿಗೂ ರೋಗಿಗೂ ವಿರೋಧ ಬಂದೆಡೆಯಲ್ಲಿ ಚರಕನು ಗುಟ್ಟನ್ನು ಕಾಯುವ ಕಷ್ಟಕ್ಕೆ ಇಳಿಯದೆ ರೋಗಿಯನ್ನೇ ಬಿಟ್ಟುಬಿಟ್ಟನು. ಚರಕವನ್ನು ಮಾತ್ರ ಹೊಗಳಿ ಕೌಟಲೀಯವನ್ನು ತೆಗಳುವವರು ಈ ವಾಕ್ಯವನ್ನು ಮುಚ್ಚಿಡುವುದುಂಟು, ಅದು ಪಂಡಿತಧರ್ಮವಲ್ಲ.

ಈಗಿನ ವಿಧಿಗಳು ಈ ಎರಡು ಗ್ರಂಥಗಳ ನಡುವೆ ನಿಂತಿವೆ. ಕಚೇರಿಗಳು ದಾಖಲೆಗಳನ್ನು ಪಟ್ಟಿಮಾಡಿ ಸೂಚಿಯೊಡನೆ ಇಡಬೇಕೆನ್ನುವ 2005ರ ಮಾಹಿತಿ ಹಕ್ಕು ಕಾಯಿದೆಯು ಅಕ್ಷಪಟಲದ ಸಂತತಿಯೆನ್ನಬಹುದು. ಆದರೆ ಪುಸ್ತಕವನ್ನು ಅರಸನಿಗಲ್ಲದೆ ಪ್ರಜೆಗೆ ತೆರೆದು ತೋರಿಸುವುದು ಅದರ ವಿಶೇಷ. ಕರ್ನಾಟಕ ಉಚ್ಚನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಏಕಮತದಿಂದ ನಿರ್ಣಯಿಸಿದರು. ವೈದ್ಯರ ನಡತೆಯನ್ನು ಕುರಿತ 2002ರ ನಿಯಮಾವಳಿಯು ರೋಗಿಯ ಗುಟ್ಟನ್ನು ಹೊರಗೆಡಹಬಾರದೆಂದು ವಿಧಿಸಿ, ನ್ಯಾಯಾಲಯದ ಆಜ್ಞೆ, ಗೊತ್ತಾದ ವ್ಯಕ್ತಿಗೋ ಸಮುದಾಯಕ್ಕೋ ಇರುವ ಗುರುತರವಾದ ಅಪಾಯ, ವರದಿಮಾಡತಕ್ಕ ರೋಗ ಎಂದು ಅಪವಾದಗಳನ್ನು ಎಣಿಸಿ ಹೇಳಿತು. ಕೌಟಲ್ಯನಲ್ಲಿಯೂ ಚರಕನಲ್ಲಿಯೂ ದೊರೆಯದ ವಸ್ತು ಈ ಎಣಿಕೆಯೇ.

ಆದರೆ ವೈದ್ಯನ ವ್ರತವು ವೈದ್ಯನನ್ನು ಮಾತ್ರ ಕಟ್ಟುತ್ತದೆ. ಇಂದಿನ ಆಸ್ಪತ್ರೆಯಲ್ಲಿ ರೋಗಿಯ ಕಡತವು ಗುಮಾಸ್ತ, ವಿಮಾ ಕಂಪನಿ, ಕಂಪ್ಯೂಟರನ್ನು ನೋಡಿಕೊಳ್ಳುವವನು ಎಂದು ಹತ್ತಾರು ಕೈಗಳನ್ನು ದಾಟುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಸಂಸ್ಥೆಯನ್ನೇ ಹೊಣೆಯಾಗಿಸಿ, ತಿದ್ದಿಸುವ ಮತ್ತು ಅಳಿಸುವ ಹಕ್ಕನ್ನು ವ್ಯಕ್ತಿಗೆ ಕೊಟ್ಟಿರುವುದು ಈ ಕೊರತೆಯನ್ನು ಕಂಡೇ. ಅದೇ ಕಾಯಿದೆಯ 17ನೆಯ ಪ್ರಕರಣವು ಸಾರ್ವಜನಿಕ ಸುವ್ಯವಸ್ಥೆಯೇ ಮೊದಲಾದ ಕಾರಣಗಳಿಗಾಗಿ ರಾಜ್ಯಾಂಗದ ಸಂಸ್ಥೆಗಳನ್ನು ಅಧಿಸೂಚನೆಯ ಮೂಲಕ ಈ ನಿಯಮಗಳಿಂದ ಹೊರಗಿಡುವ ಅಧಿಕಾರವನ್ನು ಕೇಂದ್ರಸರ್ಕಾರಕ್ಕೆ ಕೊಡುತ್ತದೆ. ಅಕ್ಷಪಟಲವನ್ನು ಕೊಂಡಾಡುವವರು ಗೋಪನ ಅಧ್ಯಾಯವನ್ನು ಈ ಪ್ರಕರಣದ ಪಕ್ಕದಲ್ಲಿಟ್ಟು ಇನ್ನೊಮ್ಮೆ ಓದಬೇಕಾಗಿದೆ.